ಗೊತ್ತಿದ್ದದ್ದನ್ನು ಕೇಳುವುದು

ಚೆರ್ರಿ ಹಣ್ಣನ್ನು ಬಿಸಿಲೇರುವ ಮೊದಲೇ ಕಿತ್ತು ಮುಗಿಸಬೇಕು. ತಡವಾದರೆ ಬುಟ್ಟಿಯಲ್ಲೇ ಮೆತ್ತಗಾಗಿಬಿಡುತ್ತದೆ. ಹಾಗಾಗಿ ಜೂನ್ ಬಂತೆಂದರೆ ಅಮೆರಿಕದ ಯಾಕಿಮಾ ಕಣಿವೆಯ ತೋಟಗಳಲ್ಲಿ ಬೆಳಗಿನ ನಾಲ್ಕಕ್ಕೆಲ್ಲ ಏಣಿಗಳು ನಿಂತಿರುತ್ತವೆ. ಏಣಿ ಹತ್ತುವವರ ಮಕ್ಕಳು ಅದಕ್ಕೂ ಮೊದಲೇ ಎಲ್ಲಿಗಾದರೂ ಸೇರಬೇಕಲ್ಲ? ಅದಕ್ಕೆಂದೇ ಗೊಲೊಂದ್ರಿನಾ ಶಿಶುವಿಹಾರ ಮೂರೂವರೆಗೆ ಬಾಗಿಲು ತೆರೆಯುತ್ತಿತ್ತು. ಮಕ್ಕಳು ಅಪ್ಪನ ಹೆಗಲ ಮೇಲೋ ಅಮ್ಮನ ಸೊಂಟದ ಮೇಲೋ ನಿದ್ದೆಯಲ್ಲೇ ಬರುತ್ತಿದ್ದವು. ಹತ್ತೊಂಬತ್ತು ವರ್ಷಗಳಿಂದ ಅವನ್ನು ಬಾಗಿಲಲ್ಲಿ ನಿಂತು ಕೈಗೆತ್ತಿಕೊಳ್ಳುತ್ತಿದ್ದವಳು ಓತೀಲಿಯಾ. ಎತ್ತಿಕೊಂಡು ಒಳಗೆ ಹೋದ ಮೇಲೆ ಅವಳು ಏನು ಮಾಡುತ್ತಿದ್ದಳೋ, ಅದನ್ನು ನೋಡಿದ ದೊಡ್ಡವರು ಯಾರೂ ಇರಲಿಲ್ಲ. ಆ ಹೊತ್ತಿಗೆ ತಂದೆತಾಯಂದಿರು ತೋಟದ ದಾರಿ ಹಿಡಿದಿರುತ್ತಿದ್ದರು, ಆಫೀಸಿನವರು ಮನೆಯಲ್ಲಿ ಗೊರಕೆ ಹೊಡೆಯುತ್ತಿರುತ್ತಿದ್ದರು.

ಆಫೀಸಿನವರಲ್ಲಿ ರೆಬೆಕಾ ಕಾಸಾರೆಸ್ ಕೂಡ ಒಬ್ಬಳು. ವಯಸ್ಸು ನಲವತ್ತೊಂದು. ಅಪ್ಪ ಅಮ್ಮ ಇದೇ ಕಣಿವೆಯಲ್ಲಿ ಸೇಬು ಕಿತ್ತು ಅವಳನ್ನು ಓದಿಸಿದ್ದರು. ಏಳು ಶಿಶುವಿಹಾರಗಳನ್ನು ಸುತ್ತುತ್ತ, ಅಲ್ಲಿ ಆಯಾ ಕೆಲಸ ಮಾಡುವ ಹೆಂಗಸರನ್ನು ಟೀಚರಿಕೆಯ ಪರೀಕ್ಷೆಗೆ ತಯಾರು ಮಾಡುವುದು ಅವಳ ಕೆಲಸ. ಅವರ ಜೊತೆ ಕೂತು ಫೈಲು ತುಂಬಿಸುತ್ತಿದ್ದಳು, ಓದಿ ಹೇಳುತ್ತಿದ್ದಳು, ಅಳು ಬಂದವರಿಗೆ ಕಾಫಿ ಕುಡಿಸುತ್ತಿದ್ದಳು. ಹೀಗೆ ಹನ್ನೊಂದು ಜನರನ್ನು ದಡ ಮುಟ್ಟಿಸಿದ್ದಳು. ಅವಳ ಬಾಯಿಗೆ ಬಿಡುವೆಂಬುದಿರಲಿಲ್ಲ. ಅದು ಅವಳ ಸ್ವಭಾವವೂ ಹೌದು, ಸಂಬಳ ಬರುತ್ತಿದ್ದದ್ದೂ ಅದಕ್ಕೇ.

ಹನ್ನೆರಡನೆಯವಳು ಓತೀಲಿಯಾ. ಐವತ್ತೇಳರ ಹೆಂಗಸು, ಮೆಕ್ಸಿಕೋ ದೇಶದ ವಾಹಾಕಾದ ಬೆಟ್ಟದೂರಿನಿಂದ ಬಂದವಳು. ಅಕ್ಟೋಬರಿನಿಂದ ಹೊಸ ನಿಯಮ: ಸರ್ಟಿಫಿಕೇಟು ಇದ್ದವರಿಗೆ ಮಾತ್ರ ಮಕ್ಕಳ ಕೋಣೆ, ಇಲ್ಲದವರಿಗೆ ಅಡುಗೆಮನೆ ಅಥವಾ ಬಟ್ಟೆ ಒಗೆಯುವ ಯಂತ್ರ. ಓತೀಲಿಯಾ ಹೋದ ವರ್ಷವೇ ಒಮ್ಮೆ ಪರೀಕ್ಷೆಗೆ ಕೂತು ಸೋತಿದ್ದಳು. ಆಗ ಬಂದಿದ್ದ ಪರೀಕ್ಷಕಿ ಎರಡು ಗಂಟೆ ಕೋಣೆಯಲ್ಲಿ ಕೂತು ನೋಡಿ, ಕಾಗದದ ಕೊನೆಯಲ್ಲಿ ಒಂದೇ ಸಾಲು ಬರೆದು ಹೋಗಿದ್ದಳು: ‘ಅಭ್ಯರ್ಥಿ ಮಕ್ಕಳೊಂದಿಗೆ ಮಾತನಾಡುವುದಿಲ್ಲ.’ ಹತ್ತೊಂಬತ್ತು ವರ್ಷ ಮಕ್ಕಳನ್ನು ಎತ್ತಿದವಳು ಟೀಚರೋ ಅಲ್ಲವೋ ಎಂಬುದನ್ನು ತೀರ್ಮಾನಿಸಲು ಎರಡು ಗಂಟೆ ಸಾಕು ಎಂದು ನಂಬುವವರು ನಿಯಮ ಮಾಡುತ್ತಾರೆ. ನಂಬದವರು ಮಕ್ಕಳ ಮೂಗು ಒರೆಸುತ್ತಾರೆ. ಲೋಕ ನಡೆಯುವುದೇ ಹಾಗೆ. ಅಕ್ಟೋಬರಿಗೆ ಮುಂಚೆ ಅವಳಿಗೆ ಉಳಿದಿದ್ದದ್ದು ಇನ್ನೊಂದೇ ಅವಕಾಶ.

ಆ ಒಂದು ಸಾಲು ರೆಬೆಕಾಳನ್ನು ಬಿಡದೆ ಕಾಡಿತ್ತು. ಅದಕ್ಕೆ ಕಾರಣ ಅವಳೊಬ್ಬಳಿಗೇ ಗೊತ್ತು. ಕಾಲೇಜಿನಲ್ಲಿ ಒಂದು ದಿನ ಪಾಠ ಮಾಡುತ್ತಿದ್ದವರು, ಹೊಲ ತೋಟದಲ್ಲಿ ದುಡಿಯುವ ತಾಯಂದಿರು ಮಕ್ಕಳ ಜೊತೆ ದಿನಕ್ಕೆ ಎಷ್ಟು ಕಡಿಮೆ ಮಾತಾಡುತ್ತಾರೆ ಎಂಬುದನ್ನು ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದ್ದರು. ಎಲ್ಲರ ಗೆರೆಗಿಂತ ಕುಳ್ಳ ಗೆರೆ ಅದು. ರೆಬೆಕಾಳ ಅಮ್ಮ ಅಂಥವಳೇ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಟ್ಟು ನಾದುತ್ತಿದ್ದಳು, ಒಂದು ಉಂಡೆ ಅವಳ ಕೈಗೂ ಕೊಡುತ್ತಿದ್ದಳು, ಮಾತಿಲ್ಲ. ಇಡೀ ತರಗತಿ ತನ್ನ ಅಮ್ಮನನ್ನೇ ನೋಡುತ್ತಿದೆ ಎನಿಸಿ ಅವಳಿಗೆ ನಾಚಿಕೆಯಾಗಿತ್ತು. ನನ್ನ ಹೆಂಗಸರಲ್ಲಿ ಒಬ್ಬಳ ಮೇಲೂ ಆ ಮಾತು ಬೀಳಕೂಡದು ಎಂದು ಅವತ್ತೇ ನಿಶ್ಚಯಿಸಿಕೊಂಡಿದ್ದಳು.

ಹಾಗಾಗಿ ಏಪ್ರಿಲಿನಿಂದಲೇ ಪಾಠ ಶುರುವಾಯಿತು. ದಿನಾ ಮಧ್ಯಾಹ್ನ, ಮಕ್ಕಳು ಮನೆಗೆ ಹೋದ ಮೇಲೆ, ಅಂಗೈ ಅಗಲದ ಕುರ್ಚಿಗಳ ಮೇಲೆ ಇಬ್ಬರೂ ಎದುರುಬದುರು ಕೂರುತ್ತಿದ್ದರು. ಆಟದ ಲಾರಿ ಹಿಡಿದು ರೆಬೆಕಾ ಮಗುವಾಗುತ್ತಿದ್ದಳು.

"ಈ ಲಾರಿ ಯಾವ ಬಣ್ಣ ಅಂತ ನನ್ನ ಕೇಳಿ ದೋನ್ಯಾ." ದೋನ್ಯಾ ಎಂದರೆ ಅಲ್ಲಿ ಹಿರಿಯ ಹೆಂಗಸಿಗೆ ಕೊಡುವ ಮರ್ಯಾದೆ.

"ಯಾಕೆ? ನಿಂಗೆ ಕಣ್ಣು ಕಾಣಲ್ವಾ?"

"ನಾನು ಮಗು ಅಂದ್ಕೊಳ್ಳಿ."

"ಮಗೂಗೂ ಕಣ್ಣಿದೆ, ನಂಗೂ ಇದೆ. ಕೆಂಪು ಅಂತ ಇಬ್ರಿಗೂ ಗೊತ್ತು. ಮತ್ತೆ ಕೇಳೋದು ಯಾರಿಗೋಸ್ಕರ?"

"ಪರೀಕ್ಷೆ ಮಾಡೋಕೆ ಬರ್ತಾರಲ್ಲ, ಅವ್ರಿಗೋಸ್ಕರ."

"ಹಾಗಾದ್ರೆ ಅವ್ರನ್ನೇ ಕೇಳ್ತೀನಿ ಬಿಡು. ಪಾಪ, ಅವ್ರಿಗೆ ಗೊತ್ತಿಲ್ಲ ಅಂದ್ರೆ."

ರೆಬೆಕಾ ನಗುತ್ತಿದ್ದಳು, ನಕ್ಕು ಮತ್ತೆ ಹಿಡಿದ ಪಟ್ಟನ್ನೇ ಹಿಡಿಯುತ್ತಿದ್ದಳು. ಕೇಳಿದರೆ ಮಕ್ಕಳ ಬಾಯಿ ತೆರೆಯುತ್ತದೆ, ಬಾಯಿ ತೆರೆದರೆ ಬುದ್ಧಿ ತೆರೆಯುತ್ತದೆ, ಪುಸ್ತಕದಲ್ಲಿ ಬರೆದಿದೆ. ಓತೀಲಿಯಾ ತಲೆಯಾಡಿಸಿ ಕೇಳಿಸಿಕೊಳ್ಳುತ್ತಿದ್ದಳು.

"ನೋಡು ಮಗಳೇ," ಒಂದು ದಿನ ಅಂದಳು. "ನಮ್ಮೂರಲ್ಲಿ ಗೊತ್ತಿದ್ದೂ ಕೇಳೋರು ಇಬ್ರೇ. ಒಬ್ಬ ಪೊಲೀಸು, ಇನ್ನೊಬ್ಳು ಅತ್ತೆ. ಅವ್ರಿಬ್ರೂ ಕೇಳಿದ್ಮೇಲೆ ಯಾರಿಗೂ ಒಳ್ಳೇದಾಗಿದ್ದು ನಾನು ನೋಡಿಲ್ಲ."

"ಇಲ್ಲಿ ಟೀಚರೂ ಕೇಳ್ತಾರೆ. ಮೂರನೆಯವ್ರು."

"ಹ್ಞೂಂ, ಹಾಗಾದ್ರೆ ಕಲೀತೀನಿ. ಬಟ್ಟೆ ಒಗೆಯೋಕೆ ನಂಗೇನೂ ಬೇಜಾರಿಲ್ಲ, ತಿಳ್ಕೋ. ಆದ್ರೆ ಬೆಳಗಿನ ಜಾವ ಮಲಗಿರೋ ಮಗೂನ ಕೈಗೆ ಕೊಡ್ತಾರಲ್ಲ, ಆಗ ಆ ತಾಯಿ ನನ್ನ ಮುಖ ನೋಡ್ತಾಳೆ. ಒಂದು ಗಳಿಗೆ ಅಷ್ಟೇ. ನೋಡಿ, ಸರಿ ಅಂತ ತೋಟಕ್ಕೆ ಹೋಗ್ತಾಳೆ. ನಾನು ಆ ಯಂತ್ರದ ಹತ್ರ ನಿಂತಿದ್ರೆ ಅವ್ಳು ಯಾರ ಮುಖ ನೋಡ್ಬೇಕು?"

ಅವಳು ಅದಕ್ಕಿಂತ ಹೆಚ್ಚು ಮಾತಾಡಿದ್ದನ್ನು ರೆಬೆಕಾ ಅದುವರೆಗೆ ಕೇಳಿರಲಿಲ್ಲ. ಅವತ್ತು ಮನೆಗೆ ಹೋಗುವಾಗ ಕಾರಿನಲ್ಲಿ ಅವಳಿಗೆ ಕಣ್ಣು ತುಂಬಿ ಬಂತು. ಹೇಗಾದರೂ ಸರಿ, ಇವಳನ್ನು ಪಾಸು ಮಾಡಿಸಲೇಬೇಕು.

ಇಪ್ಪತ್ತು ಪ್ರಶ್ನೆಗಳನ್ನು ಚೀಟಿಗಳಲ್ಲಿ ಬರೆದು ಕೊಟ್ಟಳು. ಓತೀಲಿಯಾ ಅವನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಬಾಯಿಪಾಠ ಮಾಡಿದಳು. ಮನೆಯ ಕೋಳಿಗಳ ಮೇಲೆ ಪ್ರಯೋಗವಾಯಿತು, ಆಮೇಲೆ ಗಂಡ ಫಿದೆನ್ಸಿಯೋನ ಮೇಲೆ. ಸಂಜೆ ಮನೆಗೆ ಬಂದವನನ್ನು, ಎಲ್ಲಿಗೆ ಹೋಗಿದ್ದೆ, ಅಲ್ಲಿ ಏನೇನು ನೋಡಿದೆ, ನೋಡಿದಾಗ ನಿನಗೆ ಏನನ್ನಿಸಿತು ಎಂದು ಕೇಳಿದಳಂತೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಹೆಂಡತಿ ಒಂದು ದಿನವೂ ಹಾಗೆ ಕೇಳಿದವಳಲ್ಲ. ಯಾರೋ ಚಾಡಿ ಹೇಳಿದ್ದಾರೆ ಎಂದುಕೊಂಡ ಆ ಬಡಪಾಯಿ, ಗೋಡೆಯ ಮೇಲಿದ್ದ ದೇವಮಾತೆಯ ಪಟದ ಮುಂದೆ ನಿಂತು ಆಣೆ ಮಾಡಿದ. ಮೂರು ದಿನ ಅನ್ನ ಸೇರಲಿಲ್ಲ ಅವನಿಗೆ. ಈ ಕಥೆಯನ್ನು ಓತೀಲಿಯಾ ನಗದೆಯೇ ಹೇಳಿದಳು, ರೆಬೆಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಗಲೇ ಅವಳಿಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಪರೀಕ್ಷೆ ಜೂನ್ ಮೂರನೇ ವಾರದ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ. ಈ ಸಲದ ಪರೀಕ್ಷಕಿ ಮೊಂತಾಲ್ವೊ ಎಂಬ ಹೆಂಗಸು, ಬೆಟ್ಟದ ಆಚೆ ಕಡೆಯಿಂದ ಮೂರು ತಾಸು ಕಾರು ಓಡಿಸಿಕೊಂಡು ಬಂದಿದ್ದಳು. ಒಂದು ಮಂಡಿಗೆ ಪಟ್ಟಿ ಕಟ್ಟಿತ್ತು. ಮಕ್ಕಳ ಕುರ್ಚಿಗಳನ್ನು ಒಮ್ಮೆ ನೋಡಿ, ಇವು ತನಗಲ್ಲ ಎಂದು ಆಟಿಕೆಯ ಪೆಟ್ಟಿಗೆಯ ಮೇಲೆ ಕೂತಳು.

"ನೀವು ಒಳಗೆ ಬರೋ ಹಾಗಿಲ್ಲ," ಎಂದು ರೆಬೆಕಾಳಿಗೆ ಹೇಳಿದಳು. "ಕಿಟಕಿಯಿಂದ ನೋಡಿ ಬೇಕಾದ್ರೆ. ಸನ್ನೆ ಗಿನ್ನೆ ಮಾಡಿದ್ರೆ ಪರೀಕ್ಷೆ ಅಲ್ಲಿಗೇ ನಿಲ್ಲುತ್ತೆ."

ಆಫೀಸಿಗೂ ಮಕ್ಕಳ ಕೋಣೆಗೂ ನಡುವಿನ ಗೋಡೆಯಲ್ಲಿ, ತಾಯಂದಿರು ಇಣುಕಿ ನೋಡಲೆಂದು ಒಂದು ಕಿಟಕಿ ಇತ್ತು. ಗಾಜನ್ನು ಒಂದಿಷ್ಟು ಸರಿಸಿದರೆ ಮಾತೂ ಕೇಳಿಸುತ್ತಿತ್ತು. ರೆಬೆಕಾ ಅಲ್ಲಿ ನಿಂತಳು. ಸದಾ ವಟಗುಟ್ಟುವವಳಿಗೆ ಎರಡು ಗಂಟೆ ಬಾಯಿ ಕಟ್ಟಿಕೊಂಡು ನಿಲ್ಲುವ ಶಿಕ್ಷೆ.

ಒಳಗೆ ಹನ್ನೊಂದು ಮಕ್ಕಳು. ಓತೀಲಿಯಾ ಒಗೆದ ಏಪ್ರನ್ ಕಟ್ಟಿಕೊಂಡು, ಜೇಬಿನ ಚೀಟಿಗಳನ್ನು ಒಮ್ಮೆ ಮುಟ್ಟಿ ನೋಡಿ, ಯಾದಿರಾಳ ಹತ್ತಿರ ಹೋದಳು. ಯಾದಿರಾ ನಾಲ್ಕು ವರ್ಷದ ಹುಡುಗಿ, ಮೇಜಿನ ಹತ್ತಿರ ನಿಂತು ಜೇಡಿಮಣ್ಣನ್ನು ತಟ್ಟಿ ತೊರ್ತಿಯಾ, ಅಂದರೆ ಅವರ ಕಡೆಯ ಮೆಕ್ಕೆಜೋಳದ ರೊಟ್ಟಿ, ಮಾಡುತ್ತಿದ್ದಳು. ಬೇರೆ ದಿನವಾಗಿದ್ದರೆ ಓತೀಲಿಯಾ ಪಕ್ಕದಲ್ಲಿ ಕೂತು ತಾನೂ ಒಂದು ತಟ್ಟುತ್ತಿದ್ದಳು.

"ನೀನೇನು ಮಾಡ್ತಾ ಇದ್ದೀಯ?" ಎಂದು ಕೇಳಿದಳು.

ಯಾದಿರಾ ತನ್ನ ಕೈ ನೋಡಿಕೊಂಡಳು, ಓತೀಲಿಯಾಳ ಮುಖ ನೋಡಿದಳು. "ತೊರ್ತಿಯಾ," ಅಂದಳು ಮೆಲ್ಲಗೆ.

"ತೊರ್ತಿಯಾನ ಯಾತರಿಂದ ಮಾಡ್ತಾರೆ? ಅದು ಯಾವ ಆಕಾರ? ಆಮೇಲೆ ಅದೇನಾಗುತ್ತೆ ಅಂತ ನಿಂಗನ್ಸುತ್ತೆ?"

ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ತಾನೇನೋ ತಪ್ಪು ಮಾಡಿದ್ದೇನೆ ಎಂದುಕೊಂಡಳೋ ಏನೋ. ಓತೀಲಿಯಾ ಮುಂದಕ್ಕೆ ಹೋದಳು. ಅಲ್ಲಿ ಮೂರು ವರ್ಷದ ಎಲಿಸೆಯೊ ಲಾರಿ ಓಡಿಸುತ್ತಿದ್ದ.

"ಈ ಲಾರಿ ಯಾವ ಬಣ್ಣ?"

ಎಲಿಸೆಯೊ ಲಾರಿ ನಿಲ್ಲಿಸಿದ. ಸ್ವಲ್ಪ ಯೋಚಿಸಿ, ಅದನ್ನು ಎತ್ತಿ ಅವಳ ಮೂಗಿನ ಹತ್ತಿರಕ್ಕೆ ಹಿಡಿದ, ಹತ್ತಿರದಿಂದಾದರೂ ಕಾಣಿಸಲಿ ಎಂದು. ಆಟದ ಕುದುರೆಗಳ ಗುಂಪಿನಲ್ಲಿ ಎಷ್ಟು ಕುದುರೆ ಇವೆ ಎಂದು ಕೇಳಿದ್ದಕ್ಕೆ ಇನ್ನೊಂದು ಮಗು ಅವಳ ತೋರುಬೆರಳನ್ನೇ ಹಿಡಿದು ಒಂದೊಂದು ಕುದುರೆಯನ್ನೂ ಮುಟ್ಟಿಸಿತು. ಓತೀಲಿಯಾಳ ಹಣೆಯ ಮೇಲೆ ಬೆವರು ಮೂಡಿತು. ಬಾಯಿಪಾಠ ಮಾಡಿದ ಪ್ರಶ್ನೆಗಳು ಒಂದರ ಹಿಂದೆ ಒಂದು ತಡೆಯಿಲ್ಲದೆ ಬರುತ್ತಿದ್ದವು. ಹೊರಗೋಡೆಯ ಕಿಟಕಿಯ ತುಂಬ ಜೂನ್ ತಿಂಗಳ ಬಿಸಿಲು ಸುರಿಯುತ್ತಿದ್ದಾಗ ಅವಳು ಎಲ್ಲರಿಗೂ ಕೇಳಿಸುವ ಹಾಗೆ, "ಹೊರಗಡೆ ಮಳೆ ಬರ್ತಿದೆಯಾ, ಬಿಸಿಲಿದೆಯಾ?" ಎಂದುಬಿಟ್ಟಳು.

ಮಕ್ಕಳೆಲ್ಲ ಆಟ ಬಿಟ್ಟು ಅವಳನ್ನೇ ನೋಡಿದರು. ಪರೀಕ್ಷಕಿಯ ಪೆನ್ನು ಕಾಗದದ ಮೇಲೆ ಓಡುತ್ತಿತ್ತು. ಏನು ಬರೆಯುತ್ತಿದ್ದಾಳೆಂದು ಊಹಿಸಲು ರೆಬೆಕಾಳಿಗೆ ಪುಸ್ತಕ ಬೇಕಿರಲಿಲ್ಲ. ಇದು ತನ್ನ ಬಾಯಿ. ತನ್ನ ಬಾಯನ್ನು ತೆಗೆದು ಆ ಹೆಂಗಸಿನ ಮುಖಕ್ಕೆ ಅಂಟಿಸಿ ಕಳಿಸಿದ್ದಳು.

ಅಷ್ಟರಲ್ಲಿ ಮೇಜಿನ ಕೆಳಗೆ ಮಕ್ಕಳ ಸಭೆ ಸೇರಿತ್ತು.

"ಮಾಯೆಸ್ತ್ರಾಗೆ ಕಣ್ಣು ಹೋಗಿದೆ," ಎಂದ ಎಲಿಸೆಯೊ. ಟೀಚರನ್ನು ಅವರು ಕರೆಯುತ್ತಿದ್ದದ್ದು ಹಾಗೆ.

"ಕಣ್ಣಲ್ಲ ಕಣೋ. ಜ್ವರ," ಎಂದಳು ಯಾದಿರಾ. "ನಮ್ಮಜ್ಜಿಗೂ ಜ್ವರ ಬಂದಾಗ ಹೀಗೇ. ನೀನ್ಯಾರು, ನೀನ್ಯಾರು ಅಂತ ಕೇಳ್ತಾನೇ ಇದ್ಲು."

ತೀರ್ಮಾನವಾಯಿತು. ಯಾದಿರಾ ಎದ್ದು ಬಂದು ಓತೀಲಿಯಾಳ ಕೈ ಹಿಡಿದಳು, ಎಲಿಸೆಯೊ ಏಪ್ರನ್ನಿನ ತುದಿ ಹಿಡಿದ. ಇಬ್ಬರೂ ಅವಳನ್ನು ಮೂಲೆಯ ಪುಟ್ಟ ಮಂಚದ ಕಡೆ ಎಳೆದುಕೊಂಡು ಹೊರಟರು.

"ಏನಾಯ್ತು? ಎಲ್ಲಿಗೆ?" ಎಂದಳು ಓತೀಲಿಯಾ. ಕಾಯಿಲೆ ಜೋರಾಗಿದೆ ಎಂಬುದಕ್ಕೆ ಮಕ್ಕಳಿಗೆ ಇನ್ನೇನು ಸಾಕ್ಷಿ ಬೇಕು? ಉಳಿದವರೂ ಬಂದು ಹಿಂದಿನಿಂದ ತಳ್ಳಿದರು.

ಮಂಚದ ಹತ್ತಿರ ನಿಂತು ಓತೀಲಿಯಾ ಪೆಟ್ಟಿಗೆಯ ಮೇಲಿದ್ದ ಪರೀಕ್ಷಕಿಯನ್ನು ನೋಡಿದಳು, ಆಮೇಲೆ ಕಿಟಕಿಯ ಕಡೆ ನೋಡಿದಳು. ಏನು ಮಾಡಲಿ ಮಗಳೇ ಎಂದು ಕೇಳುತ್ತಿದ್ದವು ಅವಳ ಕಣ್ಣು. ಆ ದಿನ ಅವಳು ಉತ್ತರ ಗೊತ್ತಿಲ್ಲದೆ ಕೇಳಿದ ಪ್ರಶ್ನೆ ಅದೊಂದೇ. ರೆಬೆಕಾ ಸನ್ನೆ ಮಾಡುವಂತಿರಲಿಲ್ಲ. ಮಾಡಬಹುದಾಗಿದ್ದರೂ ಏನೆಂದು ಮಾಡುತ್ತಿದ್ದಳು?

ಅಷ್ಟು ಕೈಗಳು ಮಲಗು ಎನ್ನುತ್ತಿರುವಾಗ ಒಲ್ಲೆ ಎನ್ನುವುದು ಓತೀಲಿಯಾಳಿಂದ ಆಗಲಿಲ್ಲ. ಮಲಗಿದಳು. ಮಗ್ಗುಲಾಗಿ ಮಲಗಿದವಳ ಕಾಲು ಮೊಣಕಾಲಿನಿಂದ ಕೆಳಗೆ ಮಂಚದಾಚೆ ಉಳಿಯಿತು.

ಮುಂದೆ ನಡೆದದ್ದರಲ್ಲಿ ಮಾತೇ ಇರಲಿಲ್ಲ. ಎಲಿಸೆಯೊ ಅವಳ ಬೂಟಿನ ದಾರ ಬಿಚ್ಚಿ, ಎರಡನ್ನೂ ಜೋಡಿಸಿ ಮಂಚದ ಕೆಳಗಿಟ್ಟ. ಇಟ್ಟ ಮೇಲೆ ಏನೋ ಸರಿ ಕಾಣದೆ ಅವುಗಳ ಮೂತಿಯನ್ನು ಹೊರಗಡೆಗೆ ತಿರುಗಿಸಿದ, ಎದ್ದವರು ಹಾಗೇ ಕಾಲು ತೂರಿಸಲಿ ಎಂದು. ಒಂದು ಮಗು ಅವಳ ಕೂದಲಿನ ಕ್ಲಿಪ್ಪು ಬಿಡಿಸಿ, ಕಳೆದುಹೋಗದಂತೆ ಎಡಗಾಲಿನ ಬೂಟಿನೊಳಗೆ ಹಾಕಿತು. ಇನ್ನೊಂದು ಹೋಗಿ ಪರದೆ ಎಳೆಯಿತು. ಇಡೀ ಪರದೆಯನ್ನಲ್ಲ, ಬೆಳಗಿನ ಜಾವ ತೋಟದ ಲಾರಿಗಳ ದೀಪ ಬೀಳುವ ರಸ್ತೆ ಬದಿಯ ಅರ್ಧವನ್ನು ಮಾತ್ರ. ಯಾದಿರಾ ಕಂಬಳಿ ತಂದವಳು ತಕ್ಷಣ ಹೊದಿಸಲಿಲ್ಲ. ಅದನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಬೆಚ್ಚಗಾದ ಮೇಲೆ ಹೊದಿಸಿದಳು, ಕಾಲಿನಿಂದ ಶುರು ಮಾಡಿ ಕುತ್ತಿಗೆಯವರೆಗೆ. ಆಮೇಲೆ ಅಂಗೈಯನ್ನು ಓತೀಲಿಯಾಳ ಬೆನ್ನ ನಡುವೆ ಇಟ್ಟಳು. ತಟ್ಟಲಿಲ್ಲ, ಸವರಲಿಲ್ಲ, ಸುಮ್ಮನೆ ಇಟ್ಟಳು. ಬಗ್ಗಿ ಉಸಿರಾಟ ಕೇಳಿಸಿಕೊಂಡಳು. ಉಸಿರು ನಿಧಾನವಾಯಿತು ಎನಿಸಿದ ಮೇಲೆ ಕೈ ತೆಗೆದಳು. ಒಟ್ಟಿಗೆ ತೆಗೆಯಲಿಲ್ಲ, ಮೊದಲು ಕಿರುಬೆರಳು, ಆಮೇಲೆ ಉಂಗುರದ ಬೆರಳು, ಹೀಗೆ ಒಂದೊಂದಾಗಿ, ಕೈ ಹೋಯಿತೆಂದು ಮಲಗಿದವರಿಗೆ ತಿಳಿಯದ ಹಾಗೆ.

ಕಿಟಕಿಯ ಈಚೆ ರೆಬೆಕಾ ಗಾಜಿಗೆ ಹಣೆ ಒತ್ತಿ ನಿಂತಿದ್ದಳು. ಇದನ್ನೆಲ್ಲ ಈ ಮಕ್ಕಳು ಎಲ್ಲಿ ಕಲಿತರು? ಬೆಳಗಿನ ಜಾವ ಮೊದಲು ಬಂದು ಮಲಗಿದವರು, ಕಣ್ಣು ಅರೆ ತೆರೆದುಕೊಂಡು, ಆಮೇಲೆ ಬಂದವರನ್ನು ಓತೀಲಿಯಾ ಮಲಗಿಸುವುದನ್ನು ನೋಡಿರಬೇಕು. ಎಷ್ಟು ಬೆಳಗು ನೋಡಿದ್ದರೋ. ಮೂರು ತಿಂಗಳು ಈ ಹೆಂಗಸಿಗೆ ಪಾಠ ಅರೆದು ಕುಡಿಸಿದ ರೆಬೆಕಾ ಒಂದೇ ಒಂದು ದಿನ ಮೂರೂವರೆಗೆ ಬಂದು ನೋಡಿರಲಿಲ್ಲ. ಅವಳಿಗೆ ತನ್ನ ಅಮ್ಮ ನೆನಪಾದಳು. ಅಮ್ಮನ ಕೈಯಿಂದ ತನ್ನ ಕೈಗೆ ಬಂದದ್ದೆಲ್ಲ ಮಾತಿಲ್ಲದೆ ಬಂದಿತ್ತು. ಅದಕ್ಕೇ ತಾನು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವತ್ತು ಕಾಲೇಜಿನಲ್ಲಿ ನಾಚಿದ್ದಕ್ಕೆ ಇವತ್ತು ನಾಚಿಕೆಯಾಯಿತು.

ಮೊಂತಾಲ್ವೊ ಬರೆಯುವುದನ್ನು ನಿಲ್ಲಿಸಿದ್ದಳು. ಪೆಟ್ಟಿಗೆಯ ಮೇಲಿಂದ ಇಳಿದು, ನೋಯುವ ಮಂಡಿಯನ್ನು ಒಂದು ಕಡೆ ಚಾಚಿ, ಹೇಗೋ ನೆಲದ ಮೇಲೆ ಕೂತಳು.

"ಕಂಬಳೀನ ಹೊಟ್ಟೆಗ್ಯಾಕೆ ಒತ್ಕೊಂಡೆ ಪುಟ್ಟಿ?" ಎಂದು ಪಿಸುಗುಟ್ಟಿದಳು.

"ತಣ್ಣಗಿದ್ರೆ ಎಚ್ರ ಆಗುತ್ತೆ," ಎಂದಳು ಯಾದಿರಾ.

"ಯಾರು ಹೇಳ್ಕೊಟ್ರು?"

ಯಾದಿರಾ ಅವಳನ್ನು ಕನಿಕರದಿಂದ ನೋಡಿದಳು. ಅಷ್ಟೂ ಗೊತ್ತಾಗದೆ ಕೇಳುತ್ತಿದ್ದಾಳಲ್ಲ, ಪಾಪ, ಇವಳಿಗೂ ಜ್ವರ ಅಂಟಿಕೊಂಡಿತು. "ಯಾರೂ ಹೇಳಿಲ್ಲ," ಎಂದು, ಹೋಗಿ ಇನ್ನೊಂದು ಕಂಬಳಿ ತಂದು, ಹೊಟ್ಟೆಗೆ ಒತ್ತಿ ಬೆಚ್ಚಗೆ ಮಾಡಿ ಪರೀಕ್ಷಕಿಯ ಹೆಗಲ ಮೇಲೆ ಹೊದಿಸಿದಳು.

ಸ್ವಲ್ಪ ಹೊತ್ತಾದ ಮೇಲೆ ಎಲಿಸೆಯೊ ಲಾರಿ ಹಿಡಿದುಕೊಂಡು ಮಂಚದ ಹತ್ತಿರ ಬಂದ.

"ಮಾಯೆಸ್ತ್ರಾ, ಇದು ಯಾವ ಬಣ್ಣ?"

ಓತೀಲಿಯಾ ಕಣ್ಣು ಬಿಟ್ಟಳು. "ಕೆಂಪು."

"ಹೊರಗಡೆ?"

"ಬಿಸಿಲು."

ಎಲಿಸೆಯೊ ಉಳಿದವರ ಕಡೆ ತಿರುಗಿ, ವಾಸಿಯಾಯಿತು ಎಂದು ತಲೆಯಾಡಿಸಿದ. ಓತೀಲಿಯಾ ಎದ್ದು, ಕ್ಲಿಪ್ಪನ್ನು ಕೂದಲಿಗೆ ಸಿಕ್ಕಿಸಿ, ಮೂತಿ ಹೊರಗೆ ಮಾಡಿದ್ದ ಬೂಟಿಗೆ ಕಾಲು ತೂರಿಸಿ, ಸೀದಾ ಜೇಡಿಮಣ್ಣಿನ ಮೇಜಿಗೆ ಹೋಗಿ ಯಾದಿರಾಳ ಪಕ್ಕ ಕೂತು ತಟ್ಟತೊಡಗಿದಳು. ಉಳಿದ ಒಂದು ತಾಸು ಅವಳು ಏನನ್ನೂ ಕೇಳಲಿಲ್ಲ. ಮಕ್ಕಳು ಮಾತ್ರ ಅವಳನ್ನು ಮುತ್ತಿಕೊಂಡು ತಮ್ಮ ತಮ್ಮ ಜ್ವರದ ಕಥೆಗಳನ್ನು ನಾ ಮುಂದು ತಾ ಮುಂದು ಎಂದು ಹೇಳಿದ್ದೇ ಹೇಳಿದ್ದು.

ಆಮೇಲೆ ಪರೀಕ್ಷಕಿಯೂ ಓತೀಲಿಯಾಳೂ ಆಫೀಸಿನ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಮಾತಾಡಿದರು. ರೆಬೆಕಾ ಹೊರಗೆ ಬಿಸಿಲಿನಲ್ಲಿ ನಿಂತಿದ್ದಳು. ಮೊಂತಾಲ್ವೊ ಕುಂಟುತ್ತ ಬಂದು, ನಮಸ್ಕಾರ ಹೇಳಿ, ಮುಖದಲ್ಲಿ ಏನೂ ತೋರಿಸದೆ ಕಾರು ಹತ್ತಿ ಹೋದಳು.

"ಹೋಯ್ತು ಮಗಳೇ," ಎಂದಳು ಹಿಂದಿನಿಂದ ಬಂದ ಓತೀಲಿಯಾ. "ಪರೀಕ್ಷೆಯಲ್ಲಿ ಮಲ್ಗಿದೋಳು ಈ ದೇಶದಲ್ಲಿ ನಾನೊಬ್ಳೇ ಇರ್ಬೇಕು."

ರೆಬೆಕಾ ಓತೀಲಿಯಾಳನ್ನು ತಬ್ಬಿಕೊಂಡು ಅತ್ತಳು. ಇವಳಿಗೇಕೆ ಇಷ್ಟು ದುಃಖ ಎಂದು ಅರ್ಥವಾಗದೆ ಓತೀಲಿಯಾ ಅವಳ ಬೆನ್ನ ಮೇಲೆ ಕೈ ಇಟ್ಟು ನಿಂತಳು.

ಮಾರನೆಯ ದಿನ ಮೂರೂವರೆಗೆ ಶಿಶುವಿಹಾರದ ಬಾಗಿಲಲ್ಲಿ ರೆಬೆಕಾ ಇದ್ದಳು, ಕೂದಲು ಕೂಡ ಬಾಚಿರಲಿಲ್ಲ.

"ಏನೇ ಇದು, ನಿದ್ದೆ ಬರ್ಲಿಲ್ವಾ ಟೀಚರಮ್ಮ?"

"ನೋಡೋಣ ಅಂತ ಬಂದೆ."

"ನೋಡು," ಎಂದಳು ಓತೀಲಿಯಾ, ಅಷ್ಟೇ. ನಾಲ್ಕನೇ ದಿನ ಕೇಳದೆಯೇ ಒಂದು ಮಗುವನ್ನು ರೆಬೆಕಾಳ ಕೈಗೆ ಕೊಟ್ಟಳು. ರೆಬೆಕಾ ಅದನ್ನು ಮಂಚಕ್ಕೆ ಇಳಿಸುವಷ್ಟರಲ್ಲಿ ಮಗು ಎದ್ದು ಊರೆಲ್ಲ ಕೇಳುವ ಹಾಗೆ ಅತ್ತಿತು. ಹನ್ನೊಂದು ಜನರನ್ನು ಟೀಚರ್ ಮಾಡಿದವಳು ಬೆವತುಹೋದಳು.

ಮೂರು ವಾರದ ಮೇಲೆ, ಚೆರ್ರಿಯ ಸುಗ್ಗಿ ಮುಗಿಯುವ ಹೊತ್ತಿಗೆ, ಲಕೋಟೆ ಬಂತು. ಓತೀಲಿಯಾ ಕೈ ಒರೆಸಿಕೊಂಡು ಅದನ್ನು ರೆಬೆಕಾಳಿಗೆ ಕೊಟ್ಟಳು. "ನೀನೇ ಓದು. ಬಟ್ಟೆ ಯಂತ್ರದ ಗುಂಡಿ ಯಾವ್ದು ಅಂತ ಆಗ್ಲೇ ಕೇಳಿ ಇಟ್ಕೊಂಡಿದೀನಿ."

ರೆಬೆಕಾ ಮೊದಲ ಹಾಳೆ ತೆರೆದಳು. "ದೋನ್ಯಾ, ಪಾಸಾಗಿದೀರಿ."

ಓತೀಲಿಯಾ ಪುಟ್ಟ ಕುರ್ಚಿಯ ಮೇಲೆ ಕುಸಿದು ಕೂತಳು. ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಳು. ಅದರೊಳಗಿಂದಲೇ, "ಮಲ್ಗಿದ್ನಲ್ಲೇ?" ಎಂದಳು.

"ಬರ್ದಿದಾರೆ ಕೇಳಿ." ರೆಬೆಕಾ ಓದಿದಳು. "'ಈ ಕೋಣೆಯ ಮಕ್ಕಳಿಗೆ ಇನ್ನೊಬ್ಬರನ್ನು ನೋಡಿಕೊಳ್ಳುವುದು ಗೊತ್ತಿದೆ. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲವಂತೆ. ಹೇಳಿಕೊಡದೆ ಕಲಿಸುವವರನ್ನು ನಾನು ಈ ಕೆಲಸದಲ್ಲಿ ಹೆಚ್ಚು ಕಂಡಿಲ್ಲ. ನನಗೂ ಒಂದು ಕಂಬಳಿ ಸಿಕ್ಕಿತು.'"

ಅದರ ಕೆಳಗೆ ಅಂಕಗಳಿದ್ದವು. ಮೂರಕ್ಕೆ ಮೂರು, ಮೂರಕ್ಕೆ ಮೂರು, ಉದ್ದಕ್ಕೂ. 'ಮಕ್ಕಳನ್ನು ಪ್ರಶ್ನಿಸುವ ಕ್ರಮ' ಎಂಬಲ್ಲಿ ಮಾತ್ರ ಒಂದು. ಅದರ ಪಕ್ಕದಲ್ಲಿ, ಅಭ್ಯರ್ಥಿ ತನ್ನ ಬಗ್ಗೆ ಹೇಳಿಕೊಂಡ ಮಾತನ್ನು ಬರೆಯುವ ಜಾಗದಲ್ಲಿ, ಪರೀಕ್ಷಕಿಯ ಕೈಬರಹ: 'ಕೇಳುವುದರಲ್ಲಿ ನಾನು ಹಿಂದೆ. ಅಭ್ಯಾಸ ಸಾಲದು. ನನಗೆ ಕಲಿಸಿದವಳದು ಏನೂ ತಪ್ಪಿಲ್ಲ, ಬಹಳ ಕಷ್ಟಪಟ್ಟಿದ್ದಾಳೆ, ಅವಳಿಗೆ ಏನೂ ಅನ್ನಬೇಡಿ.'

ಆ ಸಾಲನ್ನು ಓದಿ ರೆಬೆಕಾ ಕಾಗದವನ್ನು ಮೇಜಿನ ಮೇಲಿಟ್ಟಳು. ಸೋತೆನೆಂದು ತಿಳಿದ ಗಳಿಗೆಯಲ್ಲೂ ಈ ಹೆಂಗಸು ಕಾಪಾಡಲು ನೋಡಿದ್ದು ತನ್ನನ್ನು.

"ಆ ಒಂದು ಅನ್ನೋದು ಯಾಕೆ ಬಂತು?" ಓತೀಲಿಯಾ ಏಪ್ರನ್ ಇಳಿಸಿ, ಕಾಗದದ ಮೇಲೆ ಬೆರಳಿಟ್ಟು ಕೇಳಿದಳು. ಅವಳಿಗೆ ಅದು ನಿಜಕ್ಕೂ ಕೊರೆಯುತ್ತಿತ್ತು.

"ಅದು ನಿಮ್ದಲ್ಲ ದೋನ್ಯಾ. ಅದು ನಂದು."

ಓತೀಲಿಯಾ ಅವಳ ಮುಖವನ್ನೇ ನೋಡಿದಳು. ಕಾಗದವನ್ನು ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

"ನಾಳೆ ಇನ್ನೂ ಸ್ವಲ್ಪ ಬೇಗ ಬಾ," ಎಂದಳು. "ಕೈನ ಇನ್ನೂ ಒಟ್ಟಿಗೇ ಎತ್ಬಿಡ್ತೀಯ, ಮಗು ಎದ್ಬಿಡುತ್ತೆ."